ಮೊದಲ ಚಪ್ಪಾಳೆ

ಆ ಊರಿನಲ್ಲಿ ಕನ್ನಡಕದ ಅಂಗಡಿಯವನು ಚಪ್ಪಾಳೆ ತಟ್ಟದೆ ಯಾವ ಸಂಗೀತವೂ ಮುಗಿಯುತ್ತಿರಲಿಲ್ಲ. ಒಂದು ಸಲ ಅವನು ಕಛೇರಿಯ ನಡುವೆ ತೂಕಡಿಸಿಬಿಟ್ಟನಂತೆ. ಪಿಟೀಲಿನವರು ಎರಡು ಹಗಲು ಎರಡು ರಾತ್ರಿ ನಿಲ್ಲಿಸದೆ ನುಡಿಸಿದರು. ಕಮಾನಿನ ಕೂದಲೆಲ್ಲ ಉದುರಿ, ಕೊನೆಕೊನೆಗೆ ಬರೀ ಕಡ್ಡಿಯಲ್ಲಿ ತಂತಿ ಉಜ್ಜುತ್ತಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬಳಿಗೆ ಅಷ್ಟರೊಳಗೆ ಹೆರಿಗೆಯಾಗಿ, ಮಗು ಶ್ರುತಿ ತಪ್ಪದೆ ಅಳುತ್ತಿತ್ತು. ಕನ್ನಡಕದವನು ಕಣ್ಣು ಬಿಟ್ಟು, ಆಕಳಿಸಿ, ಎರಡು ಅಂಗೈ ಸೇರಿಸಿದ ಮೇಲೆಯೇ ಅವರೆಲ್ಲ ಮನೆಗೆ ಹೋಗಿ ಹೆಂಡತಿ ಮಕ್ಕಳ ಮುಖ ನೋಡಿದ್ದು. ಇದನ್ನು ಅವನೇ ಅಂಗಡಿಯಲ್ಲಿ ಸಾವಿರ ಸಲ ಹೇಳಿದ್ದಾನೆ, ಪ್ರತಿ ಸಲವೂ ಅರ್ಧ ದಿನ ಸೇರಿಸಿ.

ಅಂಗಡಿ ಇದ್ದದ್ದು ಟ್ರ್ಯಾಮು ತಿರುಗುವ ಮೂಲೆಯಲ್ಲಿ. ಕಣ್ಣು ತೋರಿಸಲು ಬಂದವರು ಅಲ್ಲಿ ಕಿವಿಯನ್ನೂ ಒಪ್ಪಿಸಬೇಕಿತ್ತು. ಗೋಡೆಯ ಮೇಲಿನ ಅಕ್ಷರದ ಹಲಗೆಯನ್ನು ಗಿರಾಕಿ ಮೇಲಿನಿಂದ ಕೆಳಗೆ ಓದಿ ಮುಗಿಸುವಷ್ಟರಲ್ಲಿ ಇವನು ಒಂದು ಇಡೀ ಋತುವಿನ ಕಛೇರಿಗಳನ್ನು ಹೇಳಿ ಮುಗಿಸಿರುತ್ತಿದ್ದ. ಮಸೂರ ಒರೆಸುವ ಬಟ್ಟೆಯನ್ನು ಗಾಳಿಯಲ್ಲಿ ಬೀಸಿ, "ಸಂಗೀತ ಶುರು ಮಾಡೋಕೆ ಯಾರಿಗೆ ಬೇಕಾದ್ರೂ ಬರುತ್ತೆ. ಮುಗೀತು ಅಂತ ಹೇಳೋಕೆ ಗಂಡೆದೆ ಬೇಕು," ಎನ್ನುತ್ತಿದ್ದ.

ಅದರಲ್ಲಿ ಒಂದಿಷ್ಟು ನಿಜವೂ ಇತ್ತು. ಊರಿನ ಸಂಗೀತ ಮಂಡಳಿಗೆ ನಾಲ್ಕುನೂರು ಕುರ್ಚಿಗಳ ಸಭಾಂಗಣವಿತ್ತು. ಹಿಂದೆ ಅದು ಧಾನ್ಯದ ವ್ಯಾಪಾರಿಗಳು ಹರಾಜು ಕೂಗುತ್ತಿದ್ದ ಕಟ್ಟಡ. ನಗರದ ಸಂಸ್ಕೃತಿ ಇಲಾಖೆ ಅದಕ್ಕೆ ಬಣ್ಣ ಬಳಿಸಿ, ಪರದೆ ತೂಗಿಸಿ, ಮಂಡಳಿಗೆ ಬಿಟ್ಟುಕೊಟ್ಟಿತ್ತು. ಅಲ್ಲಿ ನುಡಿಸುವ ಕೃತಿಗಳಿಗೆ ಮೂರು ನಾಲ್ಕು ಭಾಗ. ಒಂದು ಭಾಗ ಮುಗಿದಾಗ ನುಡಿಸುವವರು ಸುಮ್ಮನಾಗುತ್ತಾರೆ, ಕೇಳುವವರೂ ಸುಮ್ಮನಿರಬೇಕು. ಎಲ್ಲ ಭಾಗಗಳೂ ಮುಗಿದ ಮೇಲಷ್ಟೇ ಚಪ್ಪಾಳೆ. ಊರಿನವರಿಗೆ ಸಂಗೀತ ಎಂದರೆ ಪ್ರಾಣ. ಆದರೆ ಅದು ಯಾವಾಗ ಮುಗಿಯಿತು ಎಂಬುದು ಮಾತ್ರ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಮೂವತ್ತು ವರ್ಷಗಳ ಹಿಂದೆ ಹೊರಗಿನಿಂದ ಬಂದ ಪಿಯಾನೊ ವಾದಕನೊಬ್ಬ ನುಡಿಸುತ್ತಿದ್ದಾಗ ನಾಲ್ಕುನೂರು ಜನವೂ ಎರಡನೆಯ ಭಾಗಕ್ಕೇ ಚಪ್ಪಾಳೆ ತಟ್ಟಿಬಿಟ್ಟಿದ್ದರು. ಅವನು ಕೈ ಎತ್ತಿ, ತಿರುಗಿ, ಸಾವಿನ ಮನೆಯಲ್ಲಿ ಸಿಳ್ಳೆ ಹೊಡೆದವರನ್ನು ನೋಡುವಂತೆ ನೋಡಿದ. ಆ ನೋಟ ಊರಿನ ಬೆನ್ನುಮೂಳೆಯಲ್ಲಿ ಉಳಿದುಹೋಯಿತು. ಮುಂದಿನ ಕಛೇರಿ ಮುಗಿದಾಗ ಒಬ್ಬರೂ ಕೈ ಎತ್ತಲಿಲ್ಲ. ಎಲ್ಲರೂ ಉಗುಳು ನುಂಗುತ್ತ ಕೂತಿದ್ದಾಗ ಮೂರನೆಯ ಸಾಲಿನ ಏಳನೆಯ ಕುರ್ಚಿಯಿಂದ ಒಂದೇ ಒಂದು ಚಪ್ಪಾಳೆ ಕೇಳಿಸಿತು. ಕನ್ನಡಕದವನದು. ಸರಿಯಾಗಿ, ಕಡ್ಡಿ ಮುರಿದಂತೆ, ಮುಗಿದ ಗಳಿಗೆಗೆ.

ಅಂದಿನಿಂದ ಮೂವತ್ತು ವರ್ಷ ಅವನು ತಟ್ಟಿದರೆ ಊರು ತಟ್ಟಿತು, ಅವನು ಸುಮ್ಮನಿದ್ದರೆ ಊರು ಸುಮ್ಮನಿತ್ತು. ಒಂದು ಸಲವೂ ತಪ್ಪಲಿಲ್ಲ. 'ಕಿವಿಯಣ್ಣ' ಎಂಬ ಅಡ್ಡಹೆಸರು ಬಿತ್ತು.

ಎಂಟನೆಯ ಕುರ್ಚಿಯಲ್ಲಿ ಅವನ ಹೆಂಡತಿ ಕೂರುತ್ತಿದ್ದಳು. ಅವನ ಕೋಟು ಹಿಡಿದುಕೊಳ್ಳುವುದಕ್ಕೆ ಯಾರಾದರೂ ಬೇಕಲ್ಲ. ಅವಳು ಸ್ವರಲಿಪಿ ಅಚ್ಚು ಹಾಕುವ ಮುದ್ರಣಾಲಯಕ್ಕೆ ಕರಡು ತಿದ್ದಿಕೊಡುವವಳು. ದಿನವಿಡೀ ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು, ಕೆಂಪು ಪೆನ್ಸಿಲ್ ಹಿಡಿದು, ತುಟಿ ಅಲ್ಲಾಡಿಸದೆ ಐವತ್ತು ವಾದ್ಯಗಳ ಗದ್ದಲವನ್ನು ಒಬ್ಬಳೇ ಓದುತ್ತಿದ್ದಳು. ಎಲ್ಲೋ ಒಂದು ಚುಕ್ಕೆ ಬಿಟ್ಟುಹೋಗಿದ್ದರೆ ಅವಳಿಗೆ ಹಲ್ಲಿನಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು. ಅವಳಿಗೆ ಅದು ಹೊಟ್ಟೆಪಾಡು, ತನಗೆ ಅದು ಉಸಿರು ಎಂದು ಕನ್ನಡಕದವನು ಗಿರಾಕಿಗಳಿಗೆ ವಿವರಿಸುತ್ತಿದ್ದ. ಅವಳು ಪಕ್ಕದಲ್ಲಿ ಇಲ್ಲದ ಕಛೇರಿಗೆ ಅವನು ಕಾಲಿಟ್ಟದ್ದಿಲ್ಲ. ಅವಳಿಗೆ ಜ್ವರ ಬಂದರೆ ಇವನಿಗೂ ಬರುತ್ತಿತ್ತು. ಅಂಥ ದಾಂಪತ್ಯ.

ಮಂಡಳಿಯ ಅಧ್ಯಕ್ಷೆ ಹಲ್ಲಿನ ಡಾಕ್ಟರಮ್ಮ. ಆಕೆ ಒಂದು ಬೆಳಗ್ಗೆ ಅಂಗಡಿಗೆ ಬಂದು, ಗಿರಾಕಿಯ ಕುರ್ಚಿಯಲ್ಲಿ ಕೂತು, ಕಣ್ಣು ತೋರಿಸದೆ ವಿಷಯಕ್ಕೆ ಬಂದರು.

"ಕಿವಿಯಣ್ಣ, ನಿಮ್ಮ ಕುರ್ಚಿಗೆ ಹಿತ್ತಾಳೆ ಫಲಕ ಹಾಕಿಸ್ತಾ ಇದೀವಿ. ನಿಮ್ಮ ಹೆಸರು, ಕೆಳಗೆ 'ಊರಿನ ಕಿವಿ' ಅಂತ. ಸಂಸ್ಕೃತಿ ಇಲಾಖೆಯವರೂ ಒಪ್ಪಿದಾರೆ. ನೀವಿರೋವರೆಗೂ ನಿಮ್ಮದೇ ಕುರ್ಚಿ, ಆಮೇಲೂ ನಿಮ್ಮ ಹೆಸರು."

ಕನ್ನಡಕದವನ ಎದೆ ಅಂಗಿಯ ಗುಂಡಿಗಳನ್ನು ಪರೀಕ್ಷೆ ಮಾಡಿತು. ಈ ಮಾತಿಗಾಗಿ ಅವನು ಮೂವತ್ತು ವರ್ಷ ಕಾದಿದ್ದ. ಅಪ್ಪನ ಅಂಗಡಿ, ಅಪ್ಪನ ಮಸೂರ ಅರೆಯುವ ಯಂತ್ರ, ಅಪ್ಪನ ಹೆಸರಿನ ಬೋರ್ಡು. ಊರಿನಲ್ಲಿ ಅವನದೇ ಎನ್ನುವಂಥದ್ದು ಆ ಕುರ್ಚಿ ಒಂದೇ.

"ಬರೋ ಭಾನುವಾರ ಮಧ್ಯಾಹ್ನ ನಾಲ್ವರ ಮೇಳ ಬರ್ತಿದೆ. ಎರಡು ಪಿಟೀಲು, ವಯೋಲಾ, ಚೆಲ್ಲೊ," ಎಂದರು ಡಾಕ್ಟರಮ್ಮ. "ಹೊಸ ಕೃತಿ, ಈ ಊರಲ್ಲಿ ಯಾರೂ ಕೇಳಿಲ್ಲ. ರೇಡಿಯೊದವರು ನೇರ ಪ್ರಸಾರ ಮಾಡ್ತಾರೆ. ಕೃತಿ ಮುಗಿದು ನೀವು ಮೊದಲ ಚಪ್ಪಾಳೆ ತಟ್ಟಿದ ತಕ್ಷಣ ನಾನು ಹೂಗುಚ್ಛ ಹಿಡ್ಕೊಂಡು ವೇದಿಕೆಗೆ ಬರ್ತೀನಿ. ತಪ್ಪಿಸಬೇಡಿ ಮತ್ತೆ."

"ತಪ್ಪೋದಾ? ನನ್ನ ಕೈ ತಪ್ಪಿದ್ರೆ ಸೂರ್ಯ ಗಡಿಯಾರ ನೋಡ್ಕೊಳ್ತಾನೆ ಡಾಕ್ಟರಮ್ಮ."

ಮನೆಗೆ ಬಂದು ಸುದ್ದಿ ಹೇಳಿದಾಗ ಹೆಂಡತಿ ಹಾಳೆಯಿಂದ ತಲೆ ಎತ್ತಲಿಲ್ಲ.

"ಒಂದೇ ಕುರ್ಚಿಗಾ?"

"ಒಬ್ಬ ಮನುಷ್ಯನಿಗೆ ಎಷ್ಟು ಕುರ್ಚಿ ಬೇಕು ಕಣೇ?"

"ಮತ್ತೆ ನಾನೇನು ಮೂವತ್ತು ವರ್ಷ ನಿಂತ್ಕೊಂಡಿದ್ನಾ?"

ಕನ್ನಡಕದವನು ನಕ್ಕ. ಅವಳು ನಗಲಿಲ್ಲ.

"ಪಕ್ಕದ ಕುರ್ಚಿಗೂ ಒಂದು ಹೆಸರು ಹಾಕೋಕೆ ಹೇಳಿ. ಬಿರುದೇನೂ ಬೇಡ. ಹೆಸರು ಸಾಕು."

"ಕೇಳ್ತೀನಿ, ಅದಕ್ಕೇನಂತೆ."

ಅವನು ಕೇಳಲಿಲ್ಲ. ಮರೆತದ್ದಲ್ಲ. ಕೇಳಿದರೆ ಡಾಕ್ಟರಮ್ಮ "ಅವರಿಗೆ ಯಾಕೆ?" ಎಂದಾರು, ಆಗ ಏನಾದರೂ ಹೇಳಬೇಕಾದೀತು. ಮೂರು ದಿನ ಕನ್ನಡಿಯ ಮುಂದೆ ನಿಂತು ವೇದಿಕೆ ಹತ್ತುವುದನ್ನು ಅಭ್ಯಾಸ ಮಾಡಿದ. ಶುಕ್ರವಾರ ಒಪ್ಪಿಗೆಗೆಂದು ಒಂದೇ ಫಲಕದ ಅಚ್ಚು ಮನೆಗೆ ಬಂತು. ಹೆಂಡತಿ ಅದನ್ನು ಕರಡು ನೋಡುವಂತೆ ಒಮ್ಮೆ ನೋಡಿದಳು.

"ತಪ್ಪಿಲ್ಲ, ಅಚ್ಚಿಗೆ ಕಳಿಸಿ," ಎಂದಳು. ಆಮೇಲೆ, "ಭಾನುವಾರ ನಂಗೆ ಕೆಲಸ ಇದೆ."

"ಭಾನುವಾರವಾ? ಯಾವ ಕೆಲಸ?"

"ಕೂತ್ಕೊಳ್ಳೋ ಕೆಲಸ. ಮನೇಲಿ."

"ಕೋಟು ಯಾರು ಹಿಡ್ಕೊಳ್ತಾರೆ?"

"ಹಾಕ್ಕೊಂಡೇ ಕೂತಿರಿ. ಬೆವರಿದ್ರೆ ಸಂಗೀತಕ್ಕೆ ಕರಗಿದ್ರು ಅಂತಾರೆ." ಅವಳು ಪೆನ್ಸಿಲಿನ ಮೊನೆ ಚೂಪು ಮಾಡಿದಳು. "ನಂಗೆ ನಿಮ್ಮ ಮೇಲೆ ಕೋಪ ಇಲ್ಲಾರೀ. ನೀವು ಹೀಗೇ ಅಂತ ಗೊತ್ತಿದ್ದೇ ಕಟ್ಕೊಂಡಿದ್ದು. ಆ ಮಂಡಳಿಯವರಿದಾರಲ್ಲ, ಓದು ಬರಹ ಕಲಿತವರು. ಮೂವತ್ತು ವರ್ಷದಲ್ಲಿ ಒಬ್ಬರಾದ್ರೂ ಅಮ್ಮಾ, ಇದು ನಿಂಗೆ ಹೇಗನ್ನಿಸ್ತು ಅಂತ ಕೇಳಿದ್ರಾ?"

ಕನ್ನಡಕದವನಿಗೆ ಆ ಹೊತ್ತಿಗೆ ಸರಿಯಾಗಿ ಬೂಟಿನ ದಾರ ಬಿಚ್ಚಿಹೋಯಿತು. ಅದನ್ನು ಕಟ್ಟುವುದಕ್ಕೆ ಅವನು ಬಹಳ ಹೊತ್ತು ಬಗ್ಗಿದ್ದ.

ಭಾನುವಾರ ಬೆಳಗ್ಗೆ ಅವನು ಸುತ್ತಿ ಬಳಸಿ ವಿಷಯಕ್ಕೆ ಬಂದ. "ಇವತ್ತಿನ ಕೃತಿ, ಅದೇ ಆ ಹೊಸದು, ಕೊನೆ ಸ್ವಲ್ಪ ಒಂಥರಾ ಅಂತಾರಲ್ಲ?"

"ಊರಿನ ಕಿವಿಗೆ ಗೊತ್ತಾಗದೆ ಇರುತ್ತಾ," ಎಂದಳು ಹೆಂಡತಿ.

ಆ ಕೃತಿಯ ಪ್ರತಿ ಮನೆಯಲ್ಲೇ ಇತ್ತು. ಹೋದ ತಿಂಗಳು ಅವಳೇ ತಿದ್ದಿದ್ದಳು. ಅವಳು ಸ್ನಾನಕ್ಕೆ ಹೋದಾಗ ಅವನು ಕಪಾಟಿನಿಂದ ತೆಗೆದು ಕೊನೆಯ ಹಾಳೆಗಳನ್ನು ಬಿಡಿಸಿ ನೋಡಿದ. ಇರುವೆಗಳು ಸಕ್ಕರೆ ಡಬ್ಬ ಹುಡುಕಿಕೊಂಡು ಹೊರಟಂತೆ ಕಂಡಿತು. ಲಿಪಿ ಓದುವುದು ಗುಮಾಸ್ತರ ಕೆಲಸ, ತನ್ನಂಥವರದು ಕೇಳುವ ಕೆಲಸ ಎಂದು ಸಮಾಧಾನ ಮಾಡಿಕೊಂಡು ಹಾಳೆಗಳನ್ನು ಇದ್ದಂತೆಯೇ ಇಟ್ಟ.

ಸಭಾಂಗಣಕ್ಕೆ ಒಂದು ಗಂಟೆ ಮೊದಲೇ ಹೋದ. ಬಾಗಿಲಲ್ಲಿ ಟಿಕೆಟ್ ಹರಿಯುವ ಮುದುಕ ಮೇಳದವರ ಅಭ್ಯಾಸ ಕೇಳಿ ಆಗಷ್ಟೇ ಹೊರಗೆ ಬಂದಿದ್ದ.

"ಹೇಗಿದೆಯಪ್ಪ ಕೊನೆ?" ಎಂದ ಕನ್ನಡಕದವನು, ನಿನ್ನ ಪರೀಕ್ಷೆ ಮಾಡುತ್ತಿದ್ದೇನೆ ಎಂಬ ದನಿಯಲ್ಲಿ.

"ಅಯ್ಯೋ, ಕೇಳಬೇಡಿ. ಮೂರನೇ ಭಾಗದಲ್ಲಿ ನಾಲ್ಕು ಜನವೂ ಸೇರಿ ಗರಗಸ ಎಳೆದಂಗೆ ಎಳೆದು, ಧಡಾರ್ ಅಂತ ನಿಲ್ಲಿಸ್ತಾರೆ. ಕಿಟಕಿ ಗಾಜು ಅಲ್ಲಾಡ್ತು."

"ಅಷ್ಟೇನಾ?"

"ಅಷ್ಟೇ. ನಾನು ಬಾಗಿಲು ತೆಗೆಯೋಕೆ ಬಂದುಬಿಟ್ಟೆ."

ಕೊನೆಯ ಮಾತನ್ನು ಕನ್ನಡಕದವನು ಕೇಳಿಸಿಕೊಳ್ಳಲಿಲ್ಲ. ಧಡಾರ್ ಎಂಬುದು ಸಿಕ್ಕಿತ್ತು, ಅದು ಸಾಕಿತ್ತು. ಮೂರನೆಯ ಸಾಲಿಗೆ ಹೋಗಿ ಏಳನೆಯ ಕುರ್ಚಿಯಲ್ಲಿ ಕೂತ. ಬೆನ್ನಿಗೆ ಫಲಕದ ಮೇಲೆ ಹೊದಿಸಿದ್ದ ಬಟ್ಟೆ ತಾಗುತ್ತಿತ್ತು. ಎಂಟನೆಯ ಕುರ್ಚಿಯ ಮೇಲೆ ತನ್ನ ಕೋಟು ಇಟ್ಟ.

ಮೊದಲರ್ಧ ಹಳೆಯ ಕೃತಿ, ಸಾವಿರ ಸಲ ಕೇಳಿದ್ದು. ಅದಕ್ಕೆ ಸರಿಯಾಗಿಯೇ ತಟ್ಟಿದ. ವಿರಾಮದಲ್ಲಿ ಡಾಕ್ಟರಮ್ಮ ರೇಡಿಯೊದವರ ಮೈಕಿನ ಮುಂದೆ ಮಾತನಾಡಲು ಒಳಗಿನ ಕೋಣೆಗೆ ಹೋದರು. ಇವನು ಮೊಗಸಾಲೆಯಲ್ಲಿ ನಿಂತು ಪರಿಚಯದವರಿಂದ ಮುಂಗಡ ಅಭಿನಂದನೆ ತೆಗೆದುಕೊಂಡ.

ಆಮೇಲೆ ಹೊಸ ಕೃತಿ. ಮೊದಲ ಭಾಗ, ಮೌನ. ಎರಡನೆಯ ಭಾಗ, ಮೌನ. ಮೂರನೆಯದು ಶುರುವಾದದ್ದೇ ನಾಲ್ಕು ಕಮಾನುಗಳೂ ಓಡಿದವು, ಚೆಲ್ಲೊದವನ ಕೂದಲು ಹಣೆಗೆ ಬಿತ್ತು, ಮುಖ್ಯ ಪಿಟೀಲಿನ ಹೆಂಗಸು ಅರ್ಧ ಎದ್ದೇ ನಿಂತಳು, ಧಡಾರ್. ನಿಂತಿತು. ನಾಲ್ಕು ಕಮಾನುಗಳು ಗಾಳಿಯಲ್ಲಿ ತೂಗಿಕೊಂಡವು.

ಕನ್ನಡಕದವನಿಗೆ ಎಡಗಡೆ ಖಾಲಿ ಎನ್ನಿಸಿತು. ಕೋಟಿನ ಕಡೆ ಒಮ್ಮೆ ನೋಡಿದ. ಕೋಟು ಏನೂ ಹೇಳಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸಿ ತಟ್ಟಿದ.

ನಾಲ್ಕುನೂರು ಜನ ಅವನ ಹಿಂದೆಯೇ ತಟ್ಟಿದರು. ಎದ್ದು ನಿಂತರು. ಯಾರೋ ಸಿಳ್ಳೆ ಕೂಡ ಹಾಕಿದರು. ಡಾಕ್ಟರಮ್ಮ ಹೂಗುಚ್ಛ ಎತ್ತಿಕೊಂಡು ಲಗುಬಗೆಯಿಂದ ಮೆಟ್ಟಿಲು ಹತ್ತಿ ವೇದಿಕೆಯ ನಡುವಿಗೆ ಬಂದರು. ಬಂದವರು ಅಲ್ಲೇ ನಿಂತರು. ಯಾಕೆಂದರೆ ನಾಲ್ಕು ಕಮಾನುಗಳು ಇನ್ನೂ ಕೆಳಗೆ ಇಳಿದಿರಲಿಲ್ಲ.

ಚಪ್ಪಾಳೆ ಹಿಂದಿನ ಸಾಲಿನಿಂದ ಮುಂದಕ್ಕೆ ಒಂದೊಂದಾಗಿ ಸತ್ತಿತು. ಕೊನೆಗೆ ಉಳಿದದ್ದು ಕನ್ನಡಕದವನದು. ಅದೂ ನಿಂತಿತು. ಮುಖ್ಯ ಪಿಟೀಲಿನವಳು ಕಣ್ಣು ಮುಚ್ಚಿಕೊಂಡು, ಯಾರನ್ನೂ ನೋಡದೆ, ಕಮಾನನ್ನು ತಂತಿಯ ಮೇಲೆ ಇಟ್ಟಳು. ಉಳಿದ ಮೂವರೂ ಇಟ್ಟರು. ಆ ಕೃತಿಗೆ ಇನ್ನೂ ಒಂದು ಪುಟವಿತ್ತು.

ಅದು ಎಷ್ಟು ಮೆಲ್ಲಗಿತ್ತೆಂದರೆ ಜನ ಮರಳಿ ಕೂರುವಾಗಿನ ಕುರ್ಚಿಗಳ ಕಿರಕಿರವೇ ಜೋರಾಗಿತ್ತು. ನಾಲ್ಕು ನಿಮಿಷ. ಡಾಕ್ಟರಮ್ಮ ಹಿಂದಕ್ಕೂ ಹೋಗಲಾರದೆ, ಮುಂದಕ್ಕೂ ಬರಲಾರದೆ, ಹೂವು ಹಿಡಿದುಕೊಂಡು ನಾಲ್ವರ ಮಧ್ಯೆ ಐದನೆಯವರಾಗಿ ನಿಂತಿದ್ದರು. ದನಿ ತೆಳುವಾಗುತ್ತ, ತೆಳುವಾಗುತ್ತ, ಎಲ್ಲಿ ಹೋಯಿತೋ ತಿಳಿಯದಂತೆ ಹೋಯಿತು. ಕಮಾನುಗಳು ತೊಡೆಯ ಮೇಲೆ ಇಳಿದವು.

ಈಗ ಮುಗಿದಿತ್ತು. ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಆದರೆ ಆ ಊರು ಮೂವತ್ತು ವರ್ಷದಿಂದ ಕಣ್ಣಿನಿಂದ ನೋಡುವುದನ್ನು ಬಿಟ್ಟಿತ್ತು. ನಾಲ್ಕುನೂರು ತಲೆಗಳು ಮೂರನೆಯ ಸಾಲಿನ ಕಡೆ ತಿರುಗಿದವು. ಕನ್ನಡಕದವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತಿದ್ದ. ಇನ್ನೂ ಒಂದು ಪುಟ ಇದ್ದರೆ? ಒಬ್ಬರೂ ತಟ್ಟಲಿಲ್ಲ. ನಾಲ್ವರೂ ಕಾದರು. ಆಮೇಲೆ ತಮ್ಮ ಹಾಳೆಗಳನ್ನು ಜೋಡಿಸಿಕೊಂಡು, ಎದ್ದು, ಸ್ಮಶಾನದಿಂದ ಹೊರಟವರಂತೆ ಒಬ್ಬರ ಹಿಂದೆ ಒಬ್ಬರು ಒಳಗೆ ಹೋದರು.

ಡಾಕ್ಟರಮ್ಮ ಎಷ್ಟೋ ಹಲ್ಲು ಕಿತ್ತವರು. ರಕ್ತ ಬಂದಾಗಲೂ ನಗುತ್ತ ಮಾತನಾಡುವುದು ಅವರಿಗೆ ಅಭ್ಯಾಸ. ಮೈಕು ಎಳೆದುಕೊಂಡು, "ಈಗ ನಮ್ಮ ಕಿವಿಯಣ್ಣ ಎರಡು ಮಾತು ಹೇಳಬೇಕು," ಎಂದರು.

ಮೆಟ್ಟಿಲು ಆರೇ ಇದ್ದವು. ಅವನು ನಿಜ ಹೇಳಬಹುದಾಗಿತ್ತು, ಐದನೆಯ ಮೆಟ್ಟಿಲಿನವರೆಗೂ ಅದೇ ಯೋಚನೆ ಇತ್ತು. ಆರನೆಯದರಲ್ಲಿ ಬಟ್ಟೆ ಹೊದ್ದ ಫಲಕ ಮೇಲಿನಿಂದ ಕಂಡಿತು.

"ನಿಮಗೆಲ್ಲ ಆಶ್ಚರ್ಯ ಆಗಿರಬೇಕು," ಎಂದ. ದನಿ ತಾನಾಗಿ ಉಬ್ಬಿತು. "ಈ ಕೃತಿ ಬರೆದವರು ನಂಗೆ ಕಾಗದ ಬರೆದಿದ್ರು. ಆ ಜಾಗದಲ್ಲಿ ಜನ ಸಿಡಿಯಬೇಕು, ಕೊನೇಲಿ ಒಬ್ಬರೂ ಉಸಿರೆತ್ತಬಾರದು. ನಮ್ಮ ಚಪ್ಪಾಳೆ, ನಮ್ಮ ಮೌನ, ಎರಡೂ ಆ ಕೃತಿಯ ಒಳಗಿನವೇ. ದೊಡ್ಡ ದೊಡ್ಡ ಊರುಗಳಲ್ಲಿ ಹೀಗೇ ಮಾಡ್ತಾರೆ. ಪಾಪ, ಮೇಳದವರಿಗೆ ಇದು ತಿಳಿದಿರಲಿಲ್ಲ ಅನ್ನಿಸುತ್ತೆ."

ಸಭೆ ಒಮ್ಮೆ ಉಸಿರು ಬಿಟ್ಟಿತು. ತಾವು ಪೆದ್ದರಲ್ಲ, ಪೆದ್ದರು ಬೇರೆ ಯಾರೋ ಎಂದು ಗೊತ್ತಾದವರ ಉಸಿರು ಅದು. ಆಮೇಲೆ ತಟ್ಟಿದರು ನೋಡಿ, ಅವನಿಗೇ ತಟ್ಟಿದರು. ಬಟ್ಟೆ ಸರಿಯಿತು, ಹಿತ್ತಾಳೆ ಹೊಳೆಯಿತು. ಹೂಗುಚ್ಛವೂ ಅವನ ಕೈಗೇ ಬಂತು. ಮುಂದಿನ ಸಲ ಹೀಗೆ ಓದಿಕೊಂಡು ಬರದ ಮೇಳಗಳನ್ನು ಕರೆಸುವುದಿಲ್ಲ ಎಂದು ಡಾಕ್ಟರಮ್ಮ ಸಂಸ್ಕೃತಿ ಇಲಾಖೆಯ ಅಧಿಕಾರಿಯ ಕಿವಿಯಲ್ಲಿ ಹೇಳುತ್ತಿದ್ದರು.

ಇಳಿದು ಬರುವಾಗ ಪರದೆಯ ಪಕ್ಕದಲ್ಲಿ ಮುಖ್ಯ ಪಿಟೀಲಿನವಳು ಪೆಟ್ಟಿಗೆ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನಾಲ್ಕು ತಿಂಗಳು ನಾವು ಅಭ್ಯಾಸ ಮಾಡಿದ್ದು ಆ ಧಡಾರ್ ಆದ ಮೇಲಿನ ಮೌನಾನ," ಎಂದಳು. "ಮಿಕ್ಕಿದ್ದು ಮೊದಲೇ ಬರ್ತಿತ್ತು."

ಅವನು ಹೂಗುಚ್ಛವನ್ನು ಅವಳತ್ತ ಚಾಚಿದ. ಅವಳು ಅದನ್ನು ನೋಡಲೂ ಇಲ್ಲ.

ಬಿಸಿಲು ಇನ್ನೂ ಇದ್ದಾಗಲೇ ಮನೆ ತಲುಪಿದ. ಟ್ರ್ಯಾಮಿನಲ್ಲಿ ಕೂತಿದ್ದಷ್ಟು ಹೊತ್ತೂ ಕಥೆಯನ್ನು ತಿದ್ದುತ್ತ ಬಂದಿದ್ದ. ಹೆಂಡತಿ ಊಟದ ಮೇಜಿನ ಮುಂದೆ ಕೂತಿದ್ದಳು, ಎದುರಿಗೆ ಹಾಳೆ ಒಂದೂ ಇರಲಿಲ್ಲ. ಅವನು ಕೋಟು ಬಿಚ್ಚುವ ಮೊದಲೇ ಶುರು ಮಾಡಿದ.

"ನೀನು ಬರಬೇಕಿತ್ತು ಕಣೇ. ಕಾಲು ಗಂಟೆ ಎದ್ದು ನಿಂತಿದ್ರು ಜನ. ಪಿಟೀಲಿನ ಹೆಂಗಸು ನನ್ನ ಕೈ ಹಿಡ್ಕೊಂಡು ಅತ್ತಳು. ಇಂಥ ಕಿವಿ ನಾವು ಎಲ್ಲೂ ಕಂಡಿಲ್ಲ ಅಂದ್ರು ನಾಲ್ಕು ಜನವೂ. ಇಲಾಖೆಯವರಂತೂ ಸಭಾಂಗಣಕ್ಕೇ ನನ್ನ ಹೆಸರು ಇಡೋ ಮಾತಾಡ್ತಿದ್ರು."

"ಹೌದಾ," ಎಂದಳು ಹೆಂಡತಿ. "ಕೊನೆ ಪುಟ ಹೇಗಿತ್ತು?"

"ಯಾವ ಪುಟ?"

"ನೀವು ತಟ್ಟಿದ ಮೇಲೆ ನುಡಿಸಿದ್ರಲ್ಲ, ಅದು."

ಆಗ ಅವನಿಗೆ ಕಪಾಟಿನ ಮೇಲಿನ ರೇಡಿಯೊದ ಸಣ್ಣ ಹಸಿರು ದೀಪ ಕಂಡಿತು.

"ಕೇಳಿದ್ಯಾ?"

"ಎಲ್ಲಾನೂ. ಕಾಗದ ಬರೆದ್ರಂತೆ ನಿಮಗೆ. ಚೆನ್ನಾಗಿತ್ತು. ನಾನೇ ನಂಬಿಬಿಡ್ತಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವನಿಗೆ ಕೂರಬೇಕೆನಿಸಿತು. "ಅದು ಬಿಡಿ. ಅದು ನೀವು ಯಾವಾಗ್ಲೂ ಮಾಡೋದೇ. ವಿರಾಮದಲ್ಲಿ ಡಾಕ್ಟರಮ್ಮ ಮಾತಾಡಿದ್ರು ರೇಡಿಯೊದಲ್ಲಿ. ಏನಂದ್ರು ಗೊತ್ತಾ?"

ಅವನು ಕೋಟು ಬಿಚ್ಚಿ ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡು ಕೂತ.

"ಕಿವಿಯಣ್ಣನ ಹೆಂಡತೀನೂ ನಮ್ಮ ಸಮಿತಿಗೆ ಬನ್ನಿ ಅಂತ ಎರಡು ಸಲ ಕರೆದಿದ್ವಿ ಅಂದ್ರು. ಕುರ್ಚಿ ಮೇಲೆ ಬಿಟ್ಟುಹೋಗಿದ್ದ ಕಾರ್ಯಕ್ರಮದ ಹಾಳೇಲಿ ಅವರು ಕೆಂಪು ಪೆನ್ಸಿಲ್‌ನಲ್ಲಿ ತಿದ್ದಿದ್ದು ನೋಡಿ ಬೆರಗಾಗಿ ಕರೆದ್ವಿ, ಯಾವ ಕೃತಿ ಆರಿಸಬೇಕು ಅಂತ ಅವರನ್ನೇ ಕೇಳೋಣ ಅಂತಿದ್ವಿ ಅಂದ್ರು. ಆದರೆ ಪಾಪ, ಅವರಿಗೆ ಸಂಗೀತ ಅಂದ್ರೆ ತಲೆನೋವಂತೆ, ಗಂಡನಿಗೋಸ್ಕರ ಬಂದು ಕೂತ್ಕೊಳ್ತಾರಂತೆ, ಅದೂ ಒಂದು ದೊಡ್ಡತನ ಅಂದ್ರು." ಅವಳು ಎದ್ದು ರೇಡಿಯೊ ಆರಿಸಿದಳು. "ನಂಗೆ ಯಾವಾಗ್ರೀ ತಲೆನೋವು ಬಂದಿದ್ದು?"

ಕನ್ನಡಕದವನು ಬಾಯಿ ತೆರೆದ. ಎಂದೂ ಕೈ ಕೊಡದ ಬಾಯಿ ಅದು. ಏನಾದರೂ ಬಂದೀತೆಂದು ಕಾದ. ಬರಲಿಲ್ಲ.

"ಸಮಿತಿಯವರ ಕಾಗದ ಅಂಗಡಿಗೆ ಬಂತು," ಎಂದ. "ನಾನೇ ಉತ್ತರ ಬರೆದೆ."

"ಯಾಕೆ?"

"ಸಮಿತಿಯವರು ಮೊದಲ ಸಾಲಲ್ಲಿ ಕೂರಬೇಕು. ನೀನು ಅಲ್ಲಿ ಹೋಗಿ ಕೂತ್ರೆ, ಮುಗಿದಾಗ ನನ್ನ ಮೊಣಕೈ ಒತ್ತೋರು ಯಾರು?" ಅವನು ತನ್ನ ಅಂಗೈಗಳನ್ನು ಮೇಜಿನ ಮೇಲೆ ಅಗಲವಾಗಿ ಇಟ್ಟ. "ನಂಗೆ ಗೊತ್ತಾಗಲ್ಲ ಕಣೇ. ಶಬ್ದ ಕೇಳುತ್ತೆ, ಅಷ್ಟೇ. ಚೆನ್ನಾಗಿದೆಯೋ ಇಲ್ಲವೋ, ಮುಗೀತೋ ಇಲ್ಲವೋ, ಯಾವತ್ತೂ ಗೊತ್ತಾಗಿಲ್ಲ. ಮೊದಲನೇ ದಿನವೂ ನೀನು ಒತ್ತಿದ್ದಕ್ಕೇ ತಟ್ಟಿದ್ದು."

"ಅದು ನಂಗೆ ಗೊತ್ತಿಲ್ವಾ," ಎಂದಳು. "ಒತ್ತಿದ್ದು ನಾನೇ ತಾನೇ. ನಾನು ಕೇಳ್ತಿರೋದು ಇನ್ನೊಂದು. ಎರಡು ಸಲ ಕರೆದ್ರಾ?"

ಇದೊಂದನ್ನು ಚಿಕ್ಕದು ಮಾಡಿ ಹೇಳಬಹುದಿತ್ತು. ಬದುಕಿನಲ್ಲಿ ಮೊದಲ ಸಲ ಅವನಿಗೆ ಚಿಕ್ಕದು ಮಾಡುವ ಆಸೆಯೂ ಆಯಿತು.

"ಮೂರು ಸಲ," ಎಂದ. "ಮೂರನೇ ಸಲ ಹಳೇ ಅಧ್ಯಕ್ಷರೇ ಅಂಗಡಿಗೆ ಬಂದಿದ್ರು. ನಿನ್ನ ಜೊತೇನೇ ಮಾತಾಡಬೇಕು ಅಂದ್ರು. ನೀನು ಪರದೆ ಹಿಂದೆ, ಹೊಸ ಕನ್ನಡಕ ಹಾಕ್ಕೊಂಡು ಗೋಡೆ ಮೇಲಿನ ಅಕ್ಷರ ಓದ್ತಾ ಇದ್ದೆ. ನೀನು ಊರಲ್ಲಿಲ್ಲ ಅಂದೆ ನಾನು."